ಹವಳ ಬಣ್ಣ ಹಚ್ಚಿಕೊಳ್ಳೋದು ಯಾರಿಗಾಗಿ?

ಗೆಳೆಯನ ಮನೆಯ ರೀಫ್ ಟ್ಯಾಂಕಿನಲ್ಲಿ, ನೀಲಿ ಎಲ್‌ಇಡಿ ಕೆಳಗೆ, ಹವಳಗಳು ಹಸಿರಾಗಿ ಮಿನುಗುತ್ತಿದ್ದವು. ಅವನು ಬಿಳಿ ಲೈಟ್ ಹಾಕಿದ್ದೇ ತಡ, ಅರ್ಧಕ್ಕರ್ಧ ಡಿಕಾಕ್ಷನ್ ಬಣ್ಣಕ್ಕೆ ತಿರುಗಿದವು. "ಮೋಸ ಅಲ್ವೇನೋ ಇದು?" ಅಂದೆ. ಅವನು ನಕ್ಕ. ನನಗೆ ಮಾತ್ರ ಆ ಪ್ರಶ್ನೆ ಬಿಡಲಿಲ್ಲ.

ಆ ಕಂದು ಹವಳದ್ದಲ್ಲ, ಅದರ ಮೈಯೊಳಗೆ ಬಾಡಿಗೆಗಿರುವ ಸೂಕ್ಷ್ಮ ಪಾಚಿಯದ್ದು. ಪಾಚಿ ಬೆಳಕಿನಿಂದ ಆಹಾರ ತಯಾರಿಸಿ, ಅದರಲ್ಲೇ ಬಾಡಿಗೆ ಕಟ್ಟುತ್ತೆ. ಬೆಳಕು ಸಾಲದಿದ್ದರೆ ಕಂದು ಇನ್ನೂ ಗಾಢವಾಗುತ್ತೆ. ಹಸಿರು, ಗುಲಾಬಿ, ನೇರಳೆಗಳು ಹವಳ ತಾನೇ ತಯಾರಿಸುವ ಪ್ರೋಟೀನುಗಳು. ಅವು ಯಾಕೆ ಬೇಕು? ಪಲಾವು ದ್ವೀಪದಲ್ಲಿ ಹವಳಗಳನ್ನು ಅಧ್ಯಯನ ಮಾಡಿದ ಜಪಾನಿನ ಸಿರೋ ಕವಾಗುಟಿ 1944ರಲ್ಲೇ ಒಂದು ಉತ್ತರ ಕೊಟ್ಟಿದ್ದರು: ಸುಡುಬಿಸಿಲಿನಿಂದ ಕಾಪಾಡಿಕೊಳ್ಳೋಕೆ. ಅಂದರೆ ನಾವು ಬೆರಗಾಗಿ ನೋಡೋದು ಹವಳದ ಸನ್‌ಸ್ಕ್ರೀನ್!

ಮನೆಯಲ್ಲಿ ಹವಳ ಸಾಕಿದವರ ಇತಿಹಾಸವೂ ಬಿಸಿಲಿನಿಂದಲೇ ಶುರು. 1961ರಲ್ಲಿ ಇಂಡೋನೇಷ್ಯಾದ ಲೀ ಚಿನ್ ಎಂಗ್ ತಮ್ಮ ವಿಧಾನವನ್ನು ಪತ್ರಿಕೆಯೊಂದರಲ್ಲಿ ಬರೆದರು. ಸಮುದ್ರದ ನೀರು, ಜೀವಿಗಳು ತುಂಬಿದ ಕಲ್ಲು, ಗಾಳಿಯ ಗುಳ್ಳೆ, ಜೊತೆಗೆ ಬಿಸಿಲು, ಅಷ್ಟೇ. ಬಿಸಿಲು ಕಮ್ಮಿ ಇರುವ ಯುರೋಪಿನಲ್ಲಿ ಇದು ನಡೆಯೋ ಮಾತಲ್ಲ. 1980ರ ದಶಕದಲ್ಲಿ ಜರ್ಮನಿಯ ಹವ್ಯಾಸಿಗಳು ಮೆಟಲ್ ಹ್ಯಾಲೈಡ್ ದೀಪಗಳನ್ನು ತೂಗುಹಾಕಿದರು. ಹವಳ ಬೆಳೆಯಿತು, ಕರೆಂಟ್ ಬಿಲ್ಲೂ ಬೆಳೆಯಿತು. ಆಮೇಲೆ ಬಂದಿದ್ದು ನೀಲಿ ಎಲ್‌ಇಡಿ. ಅದನ್ನು ಕಂಡುಹಿಡಿದ ಅಕಸಾಕಿ, ಅಮಾನೊ, ನಕಮುರಾ ಅವರಿಗೆ 2014ರಲ್ಲಿ ನೊಬೆಲ್ ಸಿಕ್ಕಿತು.

ನೀಲಿಯೇ ಯಾಕೆ? ನೀರು ಕೆಂಪನ್ನು ಬೇಗ ನುಂಗಿಬಿಡುತ್ತೆ. ಆಳಕ್ಕೆ ಇಳಿಯೋದು ನೀಲಿ. ಆ ಪ್ರೋಟೀನು ನೀಲಿಯನ್ನು ಹೀರಿ ಹಸಿರನ್ನು ಹೊರಬಿಡುತ್ತೆ. ಬಿಳಿ ಬೆಳಕಿನಲ್ಲಿ ಆ ಹೊಳಪು ಮಸುಕಾಗುತ್ತೆ, ಅಷ್ಟೇ; ಎರಡೂ ನೋಟ ನಿಜವೇ. ನೀಲಿ ಬೆಳಕು ಹೆಚ್ಚಾದಂತೆ ಹಲವು ಹವಳಗಳು ಈ ಪ್ರೋಟೀನುಗಳನ್ನು ಹೆಚ್ಚೆಚ್ಚು ತಯಾರಿಸುತ್ತವೆ ಅಂತ 2008ರಲ್ಲಿ ಡಿ'ಆಂಜೆಲೊ, ವೀಡೆನ್‌ಮನ್ ಮತ್ತು ಸಂಗಡಿಗರು ತೋರಿಸಿದರು. ಇನ್ನೊಂದು ಸ್ವಾರಸ್ಯ: ಜೀವಕೋಶಗಳನ್ನು ಕೆಂಪಾಗಿ ಹೊಳೆಯಿಸಿ ನೋಡಲು ಪ್ರಯೋಗಾಲಯಗಳು ಬಳಸುವ ಕೆಂಪು ಪ್ರೋಟೀನು 1999ರಲ್ಲಿ ಬೆಳಕಿಗೆ ಬಂದಿದ್ದು ಹವಳದ ಹತ್ತಿರದ ಸಂಬಂಧಿಯೊಂದರಿಂದ. ಆ ಜೀವಿ ಸಿಕ್ಕಿದ್ದು ಸಮುದ್ರದಲ್ಲಲ್ಲ, ಮಾಸ್ಕೋದ ಅಕ್ವೇರಿಯಮ್ಮಿನಲ್ಲಿ!

ಇಷ್ಟೆಲ್ಲ ಓದಿ ಗೆಳೆಯನಿಗೆ ಹೇಳೋ ಹೊತ್ತಿಗೆ ತಡವಾಗಿತ್ತು. ಬಣ್ಣ ಇನ್ನೂ ಬರಲಿ ಅಂತ ಅವನು ಒಂದೇ ವಾರದಲ್ಲಿ ಲೈಟನ್ನು ಫುಲ್ ಮಾಡಿದ್ದ. ಬಾಡಿಗೆದಾರರು ಮನೆ ಖಾಲಿ ಮಾಡಿದ್ದರು; ಎರಡು ಹವಳ ಬಿಳಚಿಕೊಂಡು ಸತ್ತವು. ಈಗ ತಿಂಗಳುಗಟ್ಟಲೆ, ಸ್ವಲ್ಪಸ್ವಲ್ಪವಾಗಿ ಏರಿಸುತ್ತಾನೆ. ನಾನೂ ಮೋಸ ಅನ್ನೋದು ಬಿಟ್ಟಿದ್ದೀನಿ. ಹವಳ ನಮಗೆ ಸುಳ್ಳು ಹೇಳಿರಲಿಲ್ಲ. ಅದು ಬಿಸಿಲಿಗೆ ಕೊಡೆ ಹಿಡಿದಿತ್ತು, ನಾವು ಕೊಡೆಯ ಬಣ್ಣ ನೋಡುತ್ತಾ ಬಿಸಿಲನ್ನೇ ಏರಿಸಿದ್ದೆವು.