ತೊಂಬತ್ತೆರಡು ಮೈಲಿಗಳ ಅಪ್ಪಣೆ

ಕಾವೇರಿಯು ಶಿವನಸಮುದ್ರದ ನಡುಗಡ್ಡೆಯನ್ನು ಬಳಸಿ ಎರಡು ಕವಲಾಗಿ, ಗಗನಚುಕ್ಕಿ ಭರಚುಕ್ಕಿಗಳೆಂಬ ಹೆಸರಿನಿಂದ ಧುಮುಕುವ ಸ್ಥಳದಿಂದ ಕೋಲಾರದ ಚಿನ್ನದ ಗಣಿಗಳಿಗೆ 1902ನೆಯ ಇಸವಿಯ ಜೂನ್ 30ರಂದು ವಿದ್ಯುತ್ತು ಮೊದಲ ಬಾರಿಗೆ ಹರಿಯಿತೆಂಬ ಸಂಗತಿಯನ್ನು ನಮ್ಮಲ್ಲಿ ಬಹುಮಂದಿ ಶಾಲೆಯಲ್ಲಿಯೇ ಕೇಳಿರುತ್ತಾರೆ. ಜಲಪಾತದ ರಮಣೀಯತೆಗಾಗಲಿ, ಯಂತ್ರಗಳ ವೈಭವಕ್ಕಾಗಲಿ, ದಿವಾನ್ ಶೇಷಾದ್ರಿ ಅಯ್ಯರವರ ದೂರದೃಷ್ಟಿಗಾಗಲಿ ವರ್ಣನೆಯ ಕೊರತೆಯಿಲ್ಲ. ಆದರೆ ಆ ಎರಡು ಸ್ಥಳಗಳ ನಡುವಣ 92 ಮೈಲಿಗಳ ಉದ್ದಕ್ಕೂ ನೆಟ್ಟ ಕಂಬಗಳು ಯಾರ ಅಪ್ಪಣೆಯಿಂದ ನಿಂತುವು, ಯಾರನ್ನು ಕೇಳಿ ನಿಂತುವು, ಯಾರನ್ನು ಕೇಳುವ ಅಗತ್ಯವೇ ಇಲ್ಲದೆ ನಿಂತುವು ಎಂಬ ವಿಚಾರವನ್ನು ಎತ್ತಿದವರು ವಿರಳ. ವಿದ್ಯುತ್ತಿನ ಚರಿತ್ರೆಯಲ್ಲಿ ಯಂತ್ರದ ಭಾಗವು ಹೇಗೋ ಅನುಮತಿಯ ಭಾಗವೂ ಹಾಗೆಯೇ ಮುಖ್ಯವಾದುದೆಂದು ನನಗೆ ತೋರುತ್ತದೆ.

ಗಣಿಗಳ ಹಸಿವಿನಿಂದಲೇ ಈ ಕಥೆಯು ಮೊದಲಾಗಬೇಕು. ಲಂಡನ್ನಿನ ಜಾನ್ ಟೇಲರ್ ಅಂಡ್ ಸನ್ಸ್ ಸಂಸ್ಥೆಯ ಆಡಳಿತದಲ್ಲಿದ್ದ ಕೋಲಾರದ ಗಣಿಗಳು ವರ್ಷದಿಂದ ವರ್ಷಕ್ಕೆ ಆಳವಾಗುತ್ತ, ಅದಿರನ್ನು ಕುಟ್ಟುವುದಕ್ಕೂ ಮೇಲೆತ್ತುವುದಕ್ಕೂ ನೀರನ್ನು ಹೊರಹಾಕುವುದಕ್ಕೂ ಉಗಿಯಂತ್ರಗಳನ್ನೇ ನೆಚ್ಚಿದ್ದುವು. ಮೈಸೂರು ಸೀಮೆಯಲ್ಲಿ ಕಲ್ಲಿದ್ದಲಿನ ನಿಕ್ಷೇಪವಿಲ್ಲ; ಬಹುದೂರದಿಂದ ರೈಲಿನಲ್ಲಿ ತರಿಸಿದ ಕಲ್ಲಿದ್ದಲು ದುಬಾರಿ; ಸುತ್ತಲಿನ ಕಾಡುಗಳೋ ಸೌದೆಯಾಗಿ ಕರಗುತ್ತಿದ್ದುವು. ಗಣಿಗಳು ತೆಗೆದ ಬಂಗಾರದ ಮೇಲೆ ಸಂಸ್ಥಾನಕ್ಕೆ ರಾಜಾದಾಯವು ಸಲ್ಲುತ್ತಿದ್ದುದರಿಂದ, ಗಣಿಯ ಖರ್ಚು ಇಳಿದು ಉತ್ಪತ್ತಿ ಏರಿದರೆ ಸರ್ಕಾರದ ಬೊಕ್ಕಸಕ್ಕೂ ಲಾಭವೇ ಆಗಿದ್ದಿತು. ಜಲಪಾತದ ಶಕ್ತಿಯನ್ನು ಬಳಸಿಕೊಳ್ಳಲು ತಮಗೆ ಹಕ್ಕು ಕೊಡಬೇಕೆಂದು ಖಾಸಗಿ ಉದ್ಯಮಿಗಳು ಮುಂದೆ ಬಂದಿದ್ದರೂ, ಕೊನೆಗೆ ಆ ಕಾರ್ಯವನ್ನು ಸಂಸ್ಥಾನವೇ ವಹಿಸಿಕೊಂಡಿತು; ಆ ಕಾಲಕ್ಕೆ ಇದು ಸಾಮಾನ್ಯವಾದ ನಿರ್ಧಾರವಲ್ಲ. ಅದರ ಹೊಣೆಯು ರಾಯಲ್ ಎಂಜಿನಿಯರ್ಸ್ ದಳದವನೂ ಕೆನಡಾ ದೇಶದ ಮೂಲದವನೂ ಆದ ಕ್ಯಾಪ್ಟನ್ ಜೋಲಿ ಡಿ ಲಾಟ್‌ಬಿನಿಯರ್ ಎಂಬಾತನ ಮೇಲೆ ಬಿದ್ದಿತು. ಆತನು ಯೂರೋಪು ಅಮೆರಿಕಗಳನ್ನು ಸುತ್ತಿಬಂದ ಮೇಲೆ, ನೀರಿನ ಯಂತ್ರಗಳನ್ನು ಜೂರಿಕ್ ನಗರದ ಎಷರ್ ವೀಸ್ ಕಂಪನಿಯೂ ವಿದ್ಯುತ್ ಯಂತ್ರಗಳನ್ನು ಅಮೆರಿಕದ ಜನರಲ್ ಎಲೆಕ್ಟ್ರಿಕ್ ಕಂಪನಿಯೂ ಒದಗಿಸುವುದೆಂದು ನಿಶ್ಚಯವಾಯಿತು.

ವಿದ್ಯುತ್ತನ್ನು ಇಷ್ಟು ದೂರ ಒಯ್ಯುವುದರ ಮರ್ಮವು ಒತ್ತಡದಲ್ಲಿದೆ. ಅಷ್ಟೇ ಶಕ್ತಿಯನ್ನು ಹತ್ತು ಪಟ್ಟು ಒತ್ತಡದಲ್ಲಿ ಕಳುಹಿಸಿದರೆ ಪ್ರವಾಹವು ಹತ್ತರಲ್ಲೊಂದಕ್ಕೆ ಇಳಿಯುವುದು, ತಂತಿಯ ಕಾವಿನಲ್ಲಿ ವ್ಯರ್ಥವಾಗುವ ಶಕ್ತಿಯು ನೂರರಲ್ಲೊಂದಕ್ಕೆ ಇಳಿಯುವುದು. ಅದಕ್ಕಾಗಿಯೇ ಶಿವನಸಮುದ್ರದಲ್ಲಿ ಒತ್ತಡವನ್ನು 30,000 ವೋಲ್ಟುಗಳಿಗೂ ಮೇಲೇರಿಸಿ ಕಳುಹಿಸುವ ಏರ್ಪಾಡಾಯಿತು. ಇದು ಆ ಕಾಲದಲ್ಲಿ ಲೋಕದಲ್ಲಿಯೇ ಅತ್ಯಂತ ಉದ್ದವಾದ ವಿದ್ಯುನ್ಮಾರ್ಗವಾಗಿತ್ತೆಂಬ ಮಾತು ನಮ್ಮ ಪುಸ್ತಕಗಳಲ್ಲಿ ನಿಂತುಹೋಗಿದೆ. ಅಭಿಮಾನಕ್ಕೆ ಹಿತವಾದ ಮಾತೇ ಹೌದು. ಆದರೆ 1891ರಲ್ಲಿಯೇ ಜರ್ಮನಿಯ ಲಾಫೆನ್ನಿನಿಂದ ಫ್ರಾಂಕ್‌ಫರ್ಟಿನ ವಸ್ತುಪ್ರದರ್ಶನಕ್ಕೆ 175 ಕಿಲೋಮೀಟರು ದೂರ ವಿದ್ಯುತ್ತನ್ನು ಒಯ್ದು ತೋರಿಸಿದ್ದರು, 1901ರಲ್ಲಿ ಕ್ಯಾಲಿಫೋರ್ನಿಯದ ಕೋಲ್‌ಗೇಟಿನಿಂದ ಓಕ್‌ಲೆಂಡಿಗೆ ಸುಮಾರು 140 ಮೈಲಿಗಳ ಮಾರ್ಗವು ಕೆಲಸವನ್ನಾರಂಭಿಸಿದ್ದಿತು. ಇಂಥ ಒಂದು ಬಿರುದನ್ನು ಕಳೆದುಕೊಂಡ ಮಾತ್ರಕ್ಕೆ ಶಿವನಸಮುದ್ರದ ಸಾಹಸವು ಕುಂದುವುದಿಲ್ಲ. ಮದ್ದೂರಿನ ರೈಲ್ವೆ ನಿಲ್ದಾಣದಿಂದ ಭಾರವಾದ ಯಂತ್ರಭಾಗಗಳನ್ನು ಎತ್ತುಗಳಿಂದಲೂ ಆನೆಗಳಿಂದಲೂ ಎಳೆಯಿಸಿ ಹೊಳೆಯ ದಡಕ್ಕೆ ಮುಟ್ಟಿಸಬೇಕಾಗಿದ್ದ ನಾಡಿನಲ್ಲಿ ಇಷ್ಟು ಕೆಲಸವು ಸುಮಾರು ಎರಡು ವರ್ಷಗಳಲ್ಲಿ ಮುಗಿದುದೇ ಅದಕ್ಕೆ ಸಾಕಾದ ಗೌರವ.

ಅಪ್ಪಣೆಗಳ ಮಾತಿಗೆ ಬರೋಣ. ಮೈಸೂರಿನ ಮೊದಲ ತೊಡಕು ಭೂಮಿಯದಲ್ಲ, ನೀರಿನದು. ಶಿವನಸಮುದ್ರದ ಬಳಿ ಎಡದಂಡೆಯ ಮಳವಳ್ಳಿ ಸೀಮೆಯು ಮೈಸೂರಿನದು. ಬಲದಂಡೆಯ ಕೊಳ್ಳೇಗಾಲವಾದರೋ ಆಗ ಮದ್ರಾಸು ಆಧಿಪತ್ಯದ ಕೊಯಮತ್ತೂರು ಜಿಲ್ಲೆಗೆ ಸೇರಿದ್ದು, 1956ರಲ್ಲಿ ಮಾತ್ರ ನಮ್ಮ ರಾಜ್ಯಕ್ಕೆ ಬಂದಿತು. ಗಡಿಯ ಹೊಳೆಯ ನೀರನ್ನು ತಿರುಗಿಸಿ ಯಂತ್ರವನ್ನು ನಡೆಯಿಸಬೇಕಾದರೆ ಮದ್ರಾಸಿನ ಒಪ್ಪಿಗೆ ಬೇಕು. ಅದಕ್ಕೂ ಮೇಲೆ ಮೈಸೂರಿನ ಬ್ರಿಟಿಷ್ ರೆಸಿಡೆಂಟನ ಮೂಲಕ ಭಾರತ ಸರ್ಕಾರದ ಅನುಮೋದನೆ ಬೇಕು. ಎರಡನೆಯದು ಗಣಿಗಳ ಒಪ್ಪಂದ: ಶಕ್ತಿಯನ್ನು ಕೊಳ್ಳುವವರು ಮೊದಲೇ ಕೈಬರೆಹ ಕೊಡದಿದ್ದಲ್ಲಿ ಇಷ್ಟು ಬಂಡವಾಳವನ್ನು ಹೊಳೆಗೆ ಹಾಕುವ ಧೈರ್ಯವು ಯಾವ ದಿವಾನನಿಗೂ ಬರಲಾರದು. ಗಣಿ ಕಂಪನಿಗಳು 4,000 ಅಶ್ವಶಕ್ತಿಯನ್ನು ಕೊಳ್ಳಲೊಪ್ಪಿದ ಮೇಲೆಯೇ ಯೋಜನೆಯು ಕಾಗದದಿಂದ ಕೆಳಗಿಳಿದುದು. ಈ ಒಪ್ಪಿಗೆಗಳನ್ನೆಲ್ಲ ಕೂಡಿಸಿದ ಶೇಷಾದ್ರಿ ಅಯ್ಯರವರು 1901ರಲ್ಲಿ ನಿವೃತ್ತರಾಗಿ ಅದೇ ವರ್ಷದ ಸೆಪ್ಟೆಂಬರಿನಲ್ಲಿ ಕಾಲವಶರಾದರು. ರಾಜಮಾತೆ ವಾಣಿವಿಲಾಸ ಸನ್ನಿಧಾನದವರ ರಾಜಪ್ರತಿನಿಧಿತ್ವದ ಕೊನೆಯ ದಿನಗಳಲ್ಲಿ ವಿದ್ಯುತ್ತು ಹರಿದು, ಐದಾರು ವಾರಗಳೊಳಗೆ ನಾಲ್ವಡಿ ಕೃಷ್ಣರಾಜ ಒಡೆಯರು ಅಧಿಕಾರವನ್ನು ವಹಿಸಿಕೊಂಡರು. ಬೆಂಗಳೂರಿನ ಬೀದಿಗಳು ದೀಪವನ್ನು ಕಂಡುದು ಇನ್ನೂ ಮೂರು ವರ್ಷಗಳ ತರುವಾಯ, 1905ರ ಆಗಸ್ಟ್ 5ರಂದು; ಮೈಸೂರು ನಗರವು ಕಂಡುದು 1908ರಲ್ಲಿ. ಅರಸನ ಊರಿಗಿಂತ ಆರು ವರ್ಷ ಮೊದಲು ಅದಿರು ಕುಟ್ಟುವ ಯಂತ್ರಕ್ಕೆ ಕರೆಂಟು ದೊರೆತುದರಲ್ಲಿ ಈ ಯೋಜನೆಯ ಉದ್ದೇಶವು ಮುಚ್ಚುಮರೆಯಿಲ್ಲದೆ ಕಾಣುತ್ತದೆ.

ಸಂಸ್ಥಾನದ ಗಡಿಯೊಳಗೆ ಕಂಬಗಳನ್ನು ನೆಡಿಸುವವರೂ ಸರ್ಕಾರದವರೇ, ಅನುಮತಿ ಕೊಡುವವರೂ ಸರ್ಕಾರದವರೇ ಆಗಿದ್ದುದರಿಂದ ಅರ್ಜಿದಾರನೂ ಅಧಿಕಾರಿಯೂ ಒಂದೇ ಮನೆಯವರಾಗಿದ್ದರು. ರಾಗಿಯ ಹೊಲದ ರೈತನು ಈ ಅಪ್ಪಣೆಗಳ ಸಾಲಿನಲ್ಲಿ ಎಲ್ಲಿಯೂ ಬರುವುದಿಲ್ಲ. ಇದನ್ನು ಮೈಸೂರೊಂದರ ದೋಷವೆನ್ನಲಾಗದು; ಬ್ರಿಟಿಷ್ ಭಾರತದಲ್ಲಿ ಇದಕ್ಕೆ ಆಗಲೇ ಶಾಸನದ ರೂಪವಿದ್ದಿತು. 1885ರ ಟೆಲಿಗ್ರಾಫ್ ಕಾಯಿದೆಯ ಹತ್ತನೆಯ ವಿಧಿಯು, ತಂತಿಕಚೇರಿಯವರು ಯಾರ ಸ್ಥಿರಾಸ್ತಿಯ ಮೇಲಾಗಲಿ ತಂತಿಯನ್ನೆಳೆದು ಕಂಬವನ್ನು ನೆಡಬಹುದೆಂದು ಹೇಳಿತು. ಹಾಗೆ ಮಾಡುವಲ್ಲಿ ಅವರಿಗೆ ಭೂಮಿಯ ಉಪಯೋಗದ ಹಕ್ಕು ಬರುವುದೇ ಹೊರತು ಒಡೆತನ ಬರುವುದಿಲ್ಲ. ಹಾನಿಯನ್ನು ಆದಷ್ಟು ಕಡಮೆ ಮಾಡಬೇಕು, ಆದ ಹಾನಿಗೆ ಪೂರ್ಣ ಪರಿಹಾರವನ್ನು ಕೊಡಬೇಕು. ಒಡೆಯನು ಅಡ್ಡಬಂದರೆ ಜಿಲ್ಲಾ ಮ್ಯಾಜಿಸ್ಟ್ರೇಟನು ಅಪ್ಪಣೆ ಮಾಡುವನು. ಪರಿಹಾರವು ಸಾಲದೆಂದರೆ ಜಿಲ್ಲಾ ನ್ಯಾಯಾಧೀಶನ ಮುಂದೆ ದೂರು ಹೇಳಿಕೊಳ್ಳಬಹುದು. ಹೊಲದ ಬದುವಿನಲ್ಲಿ ನಿಂತ ಒಂದು ಸಣ್ಣ ತಂತಿಕಂಬದ ಮಟ್ಟಿಗೆ ಈ ಏರ್ಪಾಡು ನ್ಯಾಯವಾಗಿಯೇ ಇದ್ದಿತು. ಕಂಬದ ಸುತ್ತ ನೇಗಿಲು ತಿರುಗುತ್ತಿತ್ತು, ತಂತಿಯ ಕೆಳಗೆ ಮಾವು ಹಲಸುಗಳು ಬೆಳೆಯುತ್ತಿದ್ದುವು.

1910ರ ವಿದ್ಯುತ್ ಕಾಯಿದೆಯು, ಸರ್ಕಾರವು ಬಯಸಿದಲ್ಲಿ ಈ ಟೆಲಿಗ್ರಾಫ್ ಅಧಿಕಾರವನ್ನೇ ವಿದ್ಯುತ್ ಸರಬರಾಜು ಮಾಡುವವರಿಗೂ ಕೊಡಬಹುದೆಂದಿತು. 2003ರ ಕಾಯಿದೆಯು ತನ್ನ 164ನೆಯ ವಿಧಿಯಲ್ಲಿ ಆ ಮಾತನ್ನೇ ಉಳಿಸಿಕೊಂಡಿತು. ಇಷ್ಟರೊಳಗೆ ಕಂಬವು ನಾಲ್ಕು ಕಾಲಿನ ಉಕ್ಕಿನ ಗೋಪುರವಾಗಿ ಬೆಳೆದಿದ್ದಿತು. 220 ಕಿಲೋವೋಲ್ಟಿನ ಮಾರ್ಗಕ್ಕೆ 35 ಮೀಟರು ಅಗಲದ ಪಟ್ಟಿಯೂ, 400 ಕಿಲೋವೋಲ್ಟಿನದಕ್ಕೆ ಸುಮಾರು 46 ಮೀಟರು ಅಗಲದ ಪಟ್ಟಿಯೂ ಬೇಕು. ಆ ಪಟ್ಟಿಯಲ್ಲಿ ರಾಗಿ ಬೆಳೆಯಬಹುದು, ತೆಂಗು ಅಡಕೆಗಳು ನಿಲ್ಲಲಾರವು, ಮನೆ ಕಟ್ಟಲಾಗದು, ನಿವೇಶನ ಮಾಡಿ ಮಾರಹೋದರೆ ಕೊಳ್ಳುವವರಿಲ್ಲ. ಪಹಣಿಯಲ್ಲಿ ಮಾತ್ರ ಹೆಸರು ರೈತನದೇ. ಸರ್ವೆಯವರು ನಕ್ಷೆಯ ಮೇಲೆ ಮೂರು ದಾರಿಗಳನ್ನು ಗುರುತಿಸಿ, ಊರುಗಳನ್ನೂ ಕಾಡುಗಳನ್ನೂ ಆದಷ್ಟು ತಪ್ಪಿಸಿ, ಒಂದನ್ನು ಆರಿಸುವುದು ಇಂದಿನ ಪದ್ಧತಿ. ಅರಣ್ಯದ ಅಂಚನ್ನು ಮುಟ್ಟಿದರೆ 1980ರ ಅರಣ್ಯ ಸಂರಕ್ಷಣಾ ಕಾಯಿದೆಯ ಮೇರೆಗೆ ದೆಹಲಿಯ ಒಪ್ಪಿಗೆಗಾಗಿ ಕಾಯಬೇಕಾಗುವುದರಿಂದ, ಕಾಯಲು ಮನಸ್ಸಿಲ್ಲದ ಮಾರ್ಗವು ಸಹಜವಾಗಿಯೇ ಸಾಗುವಳಿಯ ಭೂಮಿಯ ಕಡೆಗೆ ವಾಲುತ್ತದೆ. ಅಲ್ಲಿ ಕೇಳಬೇಕಾದ ಅಪ್ಪಣೆ ಕಡಮೆ. ಮೈಸೂರಿನಿಂದ ಕಲ್ಲಿಕೋಟೆಗೆ ಹೋಗುವ 400 ಕಿಲೋವೋಲ್ಟಿನ ಮಾರ್ಗವು ಕೊಡಗಿನಲ್ಲಿ ಹಾಯುವುದಕ್ಕೆ ಹೊರಟಾಗ, ಕಾಫಿ ತೋಟಗಳ ನೆರಳುಮರಗಳೂ ಕಾಡುಮರಗಳೂ ಉರುಳುವುವೆಂದು ಅಲ್ಲಿನವರು ವರ್ಷಗಟ್ಟಲೆ ಪ್ರತಿಭಟಿಸಿದರು; ಆದಾಗ್ಯೂ ಮಾರ್ಗವು ಹಾದುಹೋಯಿತು.

ನೀರಿನ ಅಪ್ಪಣೆಯೂ ಮೊದಲಿನ ಒಪ್ಪಿಗೆಯೊಂದಿಗೆ ಮುಗಿಯಲಿಲ್ಲ. ಗಣಿಗಳಿಗೆ ವರ್ಷವಿಡೀ ಶಕ್ತಿ ಕೊಡುವೆವೆಂದು ಮಾತು ಕೊಟ್ಟಾಗಿದ್ದಿತು, ಬೇಸಗೆಯಲ್ಲಿ ಕಾವೇರಿ ಸೊರಗುತ್ತಿದ್ದಳು. ಹೊಳೆಯು ಯಂತ್ರಗಳಿಗೆ ಸಮನಾಗಿ ಹರಿಯಬೇಕಾದರೆ ಮೇಲುಗಡೆ ನೀರನ್ನು ಕೂಡಿಡಬೇಕಾಯಿತು; ಕನ್ನಂಬಾಡಿಯ ಕಟ್ಟೆಯ ಹಿಂದಿದ್ದ ಕಾರಣಗಳಲ್ಲಿ ಇದು ಮುಖ್ಯವಾದುದು. ಮೈಸೂರು 41.5 ಸಾವಿರ ದಶಲಕ್ಷ ಘನ ಅಡಿಗಳ ಸಂಗ್ರಹಕ್ಕೆ ಒಪ್ಪಿಗೆ ಕೇಳಲಾಗಿ, ಮದ್ರಾಸು ಅಸಮ್ಮತಿಸಿ, ಕೊನೆಗೆ 11ಕ್ಕೆ ಮಾತ್ರ ಅನುಮತಿಯು ದೊರೆಯಿತು. ವಿಶ್ವೇಶ್ವರಯ್ಯನವರ ಕಾಲದ ಸಂಸ್ಥಾನವು ತಳಪಾಯವನ್ನು ಮಾತ್ರ ಪೂರ್ಣ ಎತ್ತರಕ್ಕೆ ತಕ್ಕಂತೆಯೇ ಹಾಕಿಸಿತು. ಮಧ್ಯಸ್ಥನಾದ ಗ್ರಿಫಿನ್ನನ 1914ರ ತೀರ್ಪು, ಅದರ ಮೇಲೆ ಮದ್ರಾಸಿನ ಮೇಲ್ಮನವಿ, 1924ರ ಒಪ್ಪಂದ, ಅದನ್ನು ಹಿಡಿದು ಮುಂದೆ ದಶಕಗಟ್ಟಲೆ ನಡೆದ ವ್ಯಾಜ್ಯ, ಇವೆಲ್ಲದರ ಹಿಂದೆ ಆ 92 ಮೈಲಿಗಳ ತಂತಿಯೂ ಇದೆಯೆಂಬುದನ್ನು ಕಾವೇರಿಯ ವಿಚಾರ ಮಾತನಾಡುವವರು ಸಾಮಾನ್ಯವಾಗಿ ಮರೆಯುತ್ತಾರೆ. ಎರಡು ಸರ್ಕಾರಗಳು ಒಂದನ್ನೊಂದು ಕೇಳಬೇಕಾದಲ್ಲಿ ಅಪ್ಪಣೆಗೆ ದಶಕಗಳು ಹಿಡಿದುವು.

ರೈತನ ವಿಷಯದಲ್ಲಿ ಶಾಸನವು ತಾನಾಗಿ ಬದಲಾಗಲಿಲ್ಲವಾದರೂ ಪರಿಹಾರದ ಲೆಕ್ಕವು ಬದಲಾಗುತ್ತಿದೆ. 2015ರಲ್ಲಿ ಕೇಂದ್ರ ಸರ್ಕಾರದ ಮಾರ್ಗಸೂಚಿಯು ಗೋಪುರದ ಬುಡದ ನೆಲಕ್ಕೆ ಭೂಮಿಯ ಬೆಲೆಯ ಶೇಕಡ 85ನ್ನೂ, ತಂತಿಯ ಕೆಳಗಿನ ಪಟ್ಟಿಗೆ ಹೆಚ್ಚೆಂದರೆ ಶೇಕಡ 15ನ್ನೂ ಕೊಡಬಹುದೆಂದಿತ್ತು. 2024ರಲ್ಲಿ ಅದು ಬುಡದ ನೆಲಕ್ಕೆ ಬೆಲೆಯ ಎರಡು ಪಟ್ಟಿಗೂ, ಹಳ್ಳಿಗಾಡಿನ ಪಟ್ಟಿಗೆ ಶೇಕಡ 30ಕ್ಕೂ ಏರಿತು. ಇದು ಸೂಚಿಯೇ ಹೊರತು ಕಾಯಿದೆಯಲ್ಲವಾದ ಕಾರಣ, ಅದನ್ನು ಅಂಗೀಕರಿಸುವುದೂ ಬಿಡುವುದೂ ಆಯಾ ರಾಜ್ಯಗಳ ಇಚ್ಛೆಗೆ ಸೇರಿದ್ದು. ಕಂಬ ನೆಡುವ ಅಧಿಕಾರವಾದರೋ 1885ರ ಅದೇ ಹತ್ತನೆಯ ವಿಧಿಯಿಂದ ಮುಂದುವರಿದು ಬಂದುದು.