ಬಾಗಿಲಾಗಿದ್ದ ಬೆಟ್ಟಕ್ಕೆ ಬೇಲಿ ಹಾಕಿದವರು ಯಾರು?

ಅಫ್ಘಾನಿಸ್ತಾನದ ಸುದ್ದಿ ಬಂತು ಅಂದ್ರೆ ನಮ್ಮ ಸ್ಕ್ರೀನ್ ಮೇಲೆ ಒಂದು ಮ್ಯಾಪ್ ಬಂದೇ ಬರುತ್ತೆ. ಆ ಮ್ಯಾಪ್‌ನ ಈಶಾನ್ಯ ಮೂಲೆಯನ್ನು ನೀವು ಯಾವತ್ತಾದ್ರೂ ಸರಿಯಾಗಿ ಗಮನಿಸಿದ್ದೀರಾ? ಚೀನಾದ ಕಡೆಗೆ ತೋರುಬೆರಳು ಚಾಚಿದ ಹಾಗೆ ಒಂದು ಪಟ್ಟಿ ಕಾಣುತ್ತೆ. ಉದ್ದ ಸುಮಾರು 350 ಕಿಲೋಮೀಟರ್. ಕೆಲವು ಕಡೆ ಅಗಲ 15 ಕಿಲೋಮೀಟರೂ ಇಲ್ಲ. ಅದರ ಹೆಸರು ವಾಖಾನ್. ಉತ್ತರಕ್ಕೆ ತಜಿಕಿಸ್ತಾನ, ಪೂರ್ವಕ್ಕೆ ಚೀನಾ, ದಕ್ಷಿಣಕ್ಕೆ ಪಾಕಿಸ್ತಾನದ ಚಿತ್ರಾಲ್ ಮತ್ತು ಪಾಕ್ ಆಕ್ರಮಿಸಿಕೊಂಡಿರುವ ಗಿಲ್ಗಿಟ್.

ಈ ವಿಚಿತ್ರ ಆಕಾರ ಎಲ್ಲಿಂದ ಬಂತು? ಅದು ಗೊತ್ತಾಗಬೇಕಾದರೆ ಮೊದಲು ಹಿಂದೂ ಕುಶ್ ಪರ್ವತ ಗೊತ್ತಾಗಬೇಕು.

ಪಾಮೀರ್ ಪ್ರಸ್ಥಭೂಮಿಯ ಅಂಚಿನಿಂದ ನೈರುತ್ಯಕ್ಕೆ, ಅಫ್ಘಾನಿಸ್ತಾನದ ನಡುಮಧ್ಯದವರೆಗೆ ಸುಮಾರು 800 ಕಿಲೋಮೀಟರ್ ಹಬ್ಬಿರುವ ಶ್ರೇಣಿ ಇದು. ಅತಿ ಎತ್ತರದ ಶಿಖರ ತಿರಿಚ್ ಮೀರ್, 7,708 ಮೀಟರ್, ಇರೋದು ಪಾಕಿಸ್ತಾನದಲ್ಲಿ. ಇದರ ಉತ್ತರದ ಇಳಿಜಾರಿನ ನೀರು ಅಮು ದರಿಯಾ ಕಡೆಗೆ ಹೋಗುತ್ತೆ. ಕಾಬೂಲ್ ಕಡೆಯ ನೀರು ಕಾಬೂಲ್ ನದಿಯಾಗಿ ಹರಿದು ಅಟಕ್ ಹತ್ತಿರ ಸಿಂಧೂ ನದಿಗೆ ಸೇರುತ್ತೆ. ಅಂದ್ರೆ ಕಾಬೂಲ್ ಪಕ್ಕದ ಬೆಟ್ಟದಲ್ಲಿ ಕರಗಿದ ಹಿಮ ಕೊನೆಗೆ ಸಿಂಧೂವಿನ ನೀರು!

ಈ ನಾಡನ್ನು ‘ಸಾಮ್ರಾಜ್ಯಗಳ ಸ್ಮಶಾನ’ ಅಂತ ಕರೆಯೋದು ನಮ್ಮ ಟಿವಿಯವರಿಗೆ ಬಹಳ ಇಷ್ಟ. ಕೇಳೋಕೆ ಚೆನ್ನಾಗಿದೆ, ಆದರೆ ಅದು ಅರ್ಧ ಸತ್ಯ. ಕ್ರಿ.ಪೂ. 329ರಲ್ಲಿ ಅಲೆಕ್ಸಾಂಡರ್ ಸೈನ್ಯ ಸಮೇತ ಈ ಬೆಟ್ಟ ದಾಟಿದ. ಎರಡು ವರ್ಷದ ನಂತರ ವಾಪಸ್ ದಾಟಿ ಭಾರತದ ಕಡೆ ಬಂದ. ಕುಶಾನರು ಬೆಟ್ಟದ ಆಚೆಯ ಬ್ಯಾಕ್ಟ್ರಿಯಾವನ್ನೂ ಈಚೆಯ ಮಥುರಾವನ್ನೂ ಒಟ್ಟಿಗೇ ಆಳಿದರು. ಬೌದ್ಧ ಧರ್ಮ ಮಧ್ಯ ಏಷ್ಯಾಕ್ಕೆ ನಡೆದುಹೋಗಿದ್ದು ಇದೇ ಕಣಿವೆಗಳಲ್ಲಿ. ಆ ನಡಿಗೆಗೆ ಸಾಕ್ಷಿಯಾಗಿ ಬಾಮಿಯಾನದಲ್ಲಿ ನಿಂತಿದ್ದ ಬುದ್ಧನ ಎರಡು ಬೃಹತ್ ಮೂರ್ತಿಗಳನ್ನು 2001ರಲ್ಲಿ ತಾಲಿಬಾನ್ ಸ್ಫೋಟಿಸಿತು. 1504ರಲ್ಲಿ ಕಾಬೂಲ್ ಹಿಡಿದ ಬಾಬರ್, 1526ರಲ್ಲಿ ಪಾಣಿಪತ್‌ನಲ್ಲಿದ್ದ. ಹಾಗಾದರೆ ಈ ಬೆಟ್ಟ ಗೋಡೆಯೋ, ಬಾಗಿಲೋ? ನನ್ನ ಪ್ರಕಾರ ಬಾಗಿಲೇ. ಹಾದುಹೋಗುವವರಿಗೆ ದಾರಿ ಕೊಟ್ಟಿದೆ. ಕಣಿವೆ ಕಣಿವೆಯಲ್ಲೂ ಕೂತು ಆಳ್ತೀನಿ ಅಂದವರಿಗೆ ಮಾತ್ರ ಉಸಿರುಗಟ್ಟಿಸಿದೆ.

ಬ್ರಿಟಿಷರಿಗೆ ಆದದ್ದು ಅದೇ. 1842ರ ಜನವರಿಯಲ್ಲಿ ಕಾಬೂಲ್ ಬಿಟ್ಟು ಹೊರಟ ಅವರ ದಂಡಿನಲ್ಲಿ ಸುಮಾರು 4,500 ಸೈನಿಕರು, 12,000 ಪರಿಚಾರಕರು ಇದ್ದರು. ಹಿಮ ಒಂದು ಕಡೆ, ಕಣಿವೆಯ ಮೇಲಿನಿಂದ ಗುಂಡು ಇನ್ನೊಂದು ಕಡೆ. ವಾರದೊಳಗೆ ದಂಡು ನಾಶವಾಯಿತು. ಡಾಕ್ಟರ್ ಬ್ರೈಡನ್ ಒಬ್ಬನೇ ಕುದುರೆಯ ಮೇಲೆ ಜಲಾಲಾಬಾದ್ ಮುಟ್ಟಿದ ಅನ್ನೋ ಕಥೆ ಪ್ರಪಂಚಕ್ಕೆಲ್ಲ ಗೊತ್ತು. ಆದರೆ ಆ ದಂಡಿನಲ್ಲಿ ಬಹುಪಾಲು ಜನ ಯಾರು? ನಮ್ಮವರು ಸ್ವಾಮಿ! ಭಾರತದ ಬಯಲುಸೀಮೆಯಿಂದ ಹೋದ ಸಿಪಾಯಿಗಳು, ಅಡುಗೆಯವರು, ಒಂಟೆ ನಡೆಸುವವರು. ಹಿಮವನ್ನೇ ಕಾಣದವರು ಹಿಮದಲ್ಲಿ ಸತ್ತರು. ಅವರ ಹೆಸರು ಯಾರ ಬಾಯಲ್ಲೂ ಇಲ್ಲ.

ಇಷ್ಟಾದ ಮೇಲೆ ಬ್ರಿಟಿಷರು ಬೆಟ್ಟವನ್ನು ಆಳುವ ಆಸೆ ಬಿಟ್ಟರಾ? ಇಲ್ಲ. 1878ರಲ್ಲಿ ಮತ್ತೆ ಯುದ್ಧ ಮಾಡಿದರು. ಆಮೇಲೆ ಪೆನ್ನು ಹಿಡಿದರು. 1893ರ ನವೆಂಬರ್‌ನಲ್ಲಿ ಮಾರ್ಟಿಮರ್ ಡ್ಯುರಾಂಡ್ ಅನ್ನೋ ಅಧಿಕಾರಿ ಕಾಬೂಲ್‌ಗೆ ಹೋಗಿ ಅಮೀರ್ ಅಬ್ದುರ್ ರಹಮಾನ್ ಜೊತೆ ಒಪ್ಪಂದ ಮಾಡಿಕೊಂಡ. ಸುಮಾರು 2,600 ಕಿಲೋಮೀಟರ್‌ನ ಗೆರೆ ಹುಟ್ಟಿತು. ಗೆರೆಯ ಎರಡೂ ಕಡೆ ಪಶ್ತೂನರೇ. ಅಣ್ಣನ ಮನೆ ಆಚೆ, ತಮ್ಮನ ಹೊಲ ಈಚೆ! ಇನ್ನು, ಬ್ರಿಟಿಷ್ ಭಾರತಕ್ಕೂ ರಷ್ಯಾಕ್ಕೂ ಗಡಿ ತಾಗಬಾರದು ಅಂತ ಎರಡೂ ಸಾಮ್ರಾಜ್ಯಗಳು ಸೇರಿ 1895ರಲ್ಲಿ ಗಟ್ಟಿ ಮಾಡಿದ ಪಟ್ಟಿಯೇ ವಾಖಾನ್.

ಗೆರೆ ಎಳೆದವರು 1947ರಲ್ಲಿ ಗಂಟುಮೂಟೆ ಕಟ್ಟಿ ಹೋದರು. ಅದೇ ವರ್ಷ ಪಾಕಿಸ್ತಾನವನ್ನು ವಿಶ್ವಸಂಸ್ಥೆಗೆ ಸೇರಿಸಿಕೊಳ್ಳಬೇಡಿ ಅಂತ ಮತ ಹಾಕಿದ ಏಕೈಕ ದೇಶ ಯಾವುದು ಗೊತ್ತಾ? ಮುಸ್ಲಿಂ ರಾಷ್ಟ್ರವೇ ಆದ ಅಫ್ಘಾನಿಸ್ತಾನ! ಕಾರಣ ಇದೇ ಗೆರೆ. ಇವತ್ತಿಗೂ ಕಾಬೂಲ್‌ನಲ್ಲಿ ಯಾರೇ ಗದ್ದುಗೆ ಏರಲಿ, ರಾಜ, ಕಮ್ಯುನಿಸ್ಟ್, ತಾಲಿಬಾನ್, ಯಾರೂ ಡ್ಯುರಾಂಡ್ ಗೆರೆಯನ್ನು ಗಡಿ ಅಂತ ಮನಸಾರೆ ಒಪ್ಪಿಲ್ಲ.

ಸೋವಿಯತ್ ಕಥೆಯೂ ಕೇಳಿ. ಇದೇ ಪರ್ವತದ ಹೊಟ್ಟೆ ಕೊರೆದು 1964ರಲ್ಲಿ ಸಲಾಂಗ್ ಸುರಂಗ ಕಟ್ಟಿಕೊಟ್ಟವರು ಅವರು. ಸ್ನೇಹದ ಕಾಣಿಕೆ ಅಂದರು. 1979ರಲ್ಲಿ ಅವರ ಸೈನ್ಯ ದಕ್ಷಿಣಕ್ಕೆ ಬಂದಿದ್ದು ಅದೇ ದಾರಿಯಲ್ಲಿ. 1989ರ ಫೆಬ್ರವರಿ 15ರಂದು ಕೊನೆಯ ತುಕಡಿ ಅಮು ದರಿಯಾ ಸೇತುವೆ ದಾಟಿ ಮನೆಗೆ ಹೋಯಿತು.

ಈಗ ಪಾಕಿಸ್ತಾನ ಆ ಗೆರೆಯ ಮೇಲೆ ತಂತಿಬೇಲಿ ಹಾಕಿದೆ. ಆದರೆ ಕುನಾರ್ ನದಿ ನೋಡಿ. ಪಾಕಿಸ್ತಾನದ ಚಿತ್ರಾಲ್‌ನಿಂದ ಇಳಿದು ಅಫ್ಘಾನಿಸ್ತಾನಕ್ಕೆ ಹೋಗಿ, ಕಾಬೂಲ್ ನದಿಗೆ ಸೇರಿ, ಮತ್ತೆ ಪಾಕಿಸ್ತಾನಕ್ಕೇ ಬರುತ್ತೆ. ಆ ನೀರನ್ನು ಬೇಲಿ ಹಾಕಿ ತಡೆಯೋಕೆ ಆಗುತ್ತಾ? ಒಂದೇ ನೀರು ಕುಡಿಯುವ ಜನರನ್ನು ಗೆರೆ ಎಳೆದು ಎರಡು ಮಾಡಿದ್ದಕ್ಕೆ 130 ವರ್ಷ ಕಳೆದರೂ ಅಲ್ಲಿ ರಕ್ತ ಹರಿಯುತ್ತಿದೆ. ಮುಂದಿನ ಸಲ ಆ ಗಡಿಯಲ್ಲಿ ಗುಂಡಿನ ಸದ್ದು ಅಂತ ನಾನು ಸುದ್ದಿ ಓದಿದಾಗ, ಮ್ಯಾಪ್‌ನ ಆ ಗೆರೆಯನ್ನೊಮ್ಮೆ ನೋಡಿ. ಜಗಳ ಶುರುವಾಗಿದ್ದು ಅಲ್ಲಿಂದ.