ಮನೆತನದ ಹೆಸರು, ರಕ್ತದ ನೆನಪು

ಕಾರ್ಖಾನೆಯ ಉದ್ಯೋಗವನ್ನು ಅರಸಿ ಕರಾವಳಿಯಿಂದ ತುಂಗಭದ್ರೆಯ ದಂಡೆಯ ಕುಮಾರಪಟ್ಟಣಕ್ಕೆ ಬಂದು ನೆಲೆಸಿದ ಕೊಂಕಣಿ ಕಥೋಲಿಕ ಕುಟುಂಬವೊಂದರ ಭೇಟಿಗೆ ಹೋಗಿದ್ದೆ. ಆ ಮನೆಯ ಬಾಲಕ, "ಫಾದರ್, ನಾವು ಪೋರ್ಚುಗೀಸರೇ?" ಎಂದು ಕೇಳಿದ. ಅವನ ಹೆಸರನ್ನು ಕೇಳಿದ ಸಹಪಾಠಿಗಳು ಅವನನ್ನು ಪರದೇಶಿಯೆಂದು ಹಂಗಿಸಿದ್ದರಂತೆ.

1510ರಲ್ಲಿ ಅಲ್ಬುಕರ್ಕ್ ಗೋವೆಯನ್ನು ವಶಪಡಿಸಿಕೊಂಡ ತರುವಾಯ, ದೀಕ್ಷಾಸ್ನಾನ ಪಡೆದವರಿಗೆ ಗುರುಗಳ ಅಥವಾ ಜ್ಞಾನಪಿತರ ಪೋರ್ಚುಗೀಸ್ ಕುಲನಾಮಗಳು ದೊರೆತವು. ಪಿರೇರಾ ಎಂದರೆ ಪೇರ್ ಹಣ್ಣಿನ ಮರ. ಲೋಬೊ ಎಂದರೆ ತೋಳ. ಫೆರ್ನಾಂಡಿಸ್ ಎಂದರೆ ಫೆರ್ನಾಂಡೊನ ಮಗ. ಪೋರ್ಚುಗಲ್ಲಿನ ಉತ್ತರ ಭಾಗದಲ್ಲಿ ಪ್ರಾಚೀನ ಕೆಲ್ಟಿಕ್ ಜನರು ನೆಲೆಸಿದ್ದುದು ನಿಜ. ಆದರೆ ಹೆಸರು ಬಂದ ಮಾತ್ರಕ್ಕೆ ಅವರ ರಕ್ತವೂ ಬಂತೆಂದು ಹೇಳಲಾಗದು. ಪ್ರಭು, ಕಾಮತ್, ಪೈ, ಶೆಣೈ ಮುಂತಾದ ಹಳೆಯ ಹೆಸರುಗಳನ್ನು ಕೆಲವು ಮನೆತನಗಳು ಇಂದಿಗೂ ಸ್ಮರಿಸುತ್ತವೆ.

ಈ ನೆನಪಿಗೆ ವಿಜ್ಞಾನವೂ ಸಾಕ್ಷಿ ನುಡಿದಿದೆ. ತಂದೆಯಿಂದ ಮಗನಿಗೆ ಇಳಿಯುವ ವೈ ವರ್ಣತಂತು ಸಾಮಾನ್ಯವಾಗಿ ಕುಲನಾಮದ ದಾರಿಯಲ್ಲೇ ಸಾಗುತ್ತದೆ. ದೀಕ್ಷಾಸ್ನಾನದಲ್ಲಿ ಹೆಸರು ಬದಲಾದಾಗ ಆ ಜೊತೆ ಅಗಲಿತು. ಹೈದರಾಬಾದಿನ ಸಿ.ಸಿ.ಎಂ.ಬಿ.ಯ ಕುಮಾರಸ್ವಾಮಿ ತಂಗರಾಜ್, ಲಕ್ನೋದ ಬಿ.ಎಸ್.ಐ.ಪಿ.ಯ ನೀರಜ್ ರಾಯ್ ಮೊದಲಾದ ವಿಜ್ಞಾನಿಗಳು ಗೋವಾ, ಕುಮಟಾ ಮತ್ತು ಮಂಗಳೂರಿನ 110 ಕಥೋಲಿಕರ ಡಿ.ಎನ್.ಎ. ಪರೀಕ್ಷಿಸಿ 2021ರಲ್ಲಿ ಫಲಿತಾಂಶವನ್ನು ಪ್ರಕಟಿಸಿದರು. ಅವರು ಬಹುಮಟ್ಟಿಗೆ ಗೌಡ ಸಾರಸ್ವತ ಸಮುದಾಯದ ಆದಿ ಪೀಳಿಗೆಗಳಿಗೆ ಸೇರಿದವರೆಂದು ಕಂಡುಬಂದಿತು. ಶೇ. 40ಕ್ಕೂ ಹೆಚ್ಚು ಪಿತೃವಂಶಗಳು ಆರ್1ಎ ಎಂಬ ಗುಂಪಿನವು.

ಇದನ್ನೋದಿ ಯಾರಾದರೂ ಜಾತಿಯ ಹೆಮ್ಮೆಯಿಂದ ಬೀಗಿದರೆ ಅದು ಹೊಸದೊಂದು ಭ್ರಮೆ. ಆರ್1ಎ ಉತ್ತರ ಭಾರತದಲ್ಲೂ ಯೂರೋಪಿನಲ್ಲೂ ಅನೇಕ ಜನರಲ್ಲಿದೆ. ಅದು ಯಾವ ಜಾತಿಯ ಮುದ್ರೆಯೂ ಅಲ್ಲ. ಮೇಲಾಗಿ, ಹತ್ತು ತಲೆಮಾರು ಹಿಂದಕ್ಕೆ ಎಣಿಸಿದರೆ ಪ್ರತಿಯೊಬ್ಬನ ವಂಶವೃಕ್ಷದಲ್ಲಿ 1,024 ಪೂರ್ವಜರ ಸ್ಥಾನಗಳಿವೆ. ವೈ ವರ್ಣತಂತು ತೋರುವುದು ಅವರಲ್ಲಿ ಒಬ್ಬನನ್ನು ಮಾತ್ರ. ಉಳಿದ 1,023 ಮಂದಿಯನ್ನು ಮರೆತು ಕಟ್ಟುವ ಕುಲಗೌರವಕ್ಕೆ ಬೆಲೆಯೆಷ್ಟು?

ಹಾಗೆಂದು ಹೆಸರನ್ನು ತೊರೆಯಬೇಕಾಗಿಲ್ಲ. 1784ರಲ್ಲಿ ಸೆರೆಯಾಳುಗಳಾಗಿ ಶ್ರೀರಂಗಪಟ್ಟಣಕ್ಕೆ ನಡೆದವರು, 1799ರ ಬಳಿಕ ಬರಿಗೈಯಲ್ಲಿ ಮರಳಿದವರು ಅದೇ ಹೆಸರನ್ನು ಹೊತ್ತಿದ್ದರು. ಅದು ಅವರ ವಿಶ್ವಾಸದ ಗುರುತು, ವಂಶದ ಪ್ರಮಾಣಪತ್ರವಲ್ಲ.

ಸಂತ ಮತ್ತಾಯನು ಬರೆದ ಯೇಸುವಿನ ವಂಶಾವಳಿಯಲ್ಲಿ ಅರಸರ ಜೊತೆ ಪರಕೀಯಳಾದ ರೂತಳೂ ಇದ್ದಾಳೆ. ಆ ಬಾಲಕನಿಗೆ ನಾನು ಹೇಳಿದ್ದು ಇಷ್ಟೇ: "ಮಗೂ, ನಿನ್ನ ಹೆಸರು ದೂರದಿಂದ ಬಂದದ್ದು, ನೀನು ಈ ನೆಲದವನು. ನಾಳೆ ನಿನ್ನ ತರಗತಿಗೆ ಹೊರಗಿನವನೊಬ್ಬ ಬಂದರೆ, ಅವನಿಗೂ ನಿನ್ನ ಪಕ್ಕದಲ್ಲೇ ಜಾಗ ಕೊಡು."